ರಸ್ತೆ ಬದಿಯ ಊರಿನ ಹಳೇ ಫೋಟೋ ಸಿಕ್ಕಿತಾ? ಅದರ ಚರಿತ್ರೆ ಹುಡುಕೋದು ಹೀಗೆ

ಹಳೇ ಫೋಟೋ ಒಂದು ಕೈಗೆ ಸಿಕ್ಕರೆ ಎಲ್ಲರೂ ಮೊದಲು ಕೇಳೋದು ‘ಇದರಲ್ಲಿ ಇರೋರು ಯಾರು?’ ಅಂತ. ಮನೆಯ ಮದುವೆ ಫೋಟೋ ಆದರೆ ಈ ಪ್ರಶ್ನೆ ಸರಿ. ರಸ್ತೆ ಬದಿಯ ಊರಿನ ಫೋಟೋಗೆ ಮಾತ್ರ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಎಲ್ಲಿ, ಆಮೇಲೆ ಯಾವಾಗ, ಅದಾದ ಮೇಲೆ ಯಾರು. ಈ ಕ್ರಮ ತಪ್ಪಿದರೆ ಏನಾಗುತ್ತದೆ ಗೊತ್ತಾ? ಯಾರೋ ಒಬ್ಬರು ‘ಇದು ನಮ್ಮ ತಾತನ ಹೋಟೆಲ್ ಮುಂದೆ ತೆಗೆದಿದ್ದು’ ಅಂದುಬಿಡುತ್ತಾರೆ, ಅದು ವಾಟ್ಸಾಪ್‌ನಲ್ಲಿ ನಾಲ್ಕು ಗುಂಪು ಸುತ್ತುತ್ತದೆ, ಮುಂದಿನ ವರ್ಷ ಊರಹಬ್ಬದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಆಮೇಲೆ ಅದನ್ನು ತಿದ್ದೋದು ಬ್ರಹ್ಮನಿಂದಲೂ ಆಗಲ್ಲ.

ರಸ್ತೆ ಬದಿಯ ಊರುಗಳ ಜನ ನಿಂತಲ್ಲಿ ನಿಲ್ಲುವವರಲ್ಲ. ಹೋಟೆಲಿನವರು ಉಡುಪಿ, ಕುಂದಾಪುರದ ಕಡೆಯಿಂದ ಬಂದವರು, ಲಾರಿಯವರು ಹಾದುಹೋಗುವವರು, ಗಾಡಿಯವರು ಸಂತೆ ದಿನಕ್ಕೆ ಮಾತ್ರ ಬರುವವರು. ಮುಖ ನೋಡಿ ಊರು ಹೇಳೋಕೆ ಹೋದರೆ ದಾರಿ ತಪ್ಪುತ್ತೀರಿ. ಊರು ಮೊದಲು ಗೊತ್ತಾದರೆ ಮುಖಗಳು ಒಂದೊಂದಾಗಿ ಸಿಗುತ್ತವೆ.

ಈ ಬರಹಕ್ಕೆ ನಾನು ಬೆಂಗಳೂರು–ಮೈಸೂರು ಹಳೇ ರಸ್ತೆಯನ್ನು ಇಟ್ಟುಕೊಂಡಿದ್ದೇನೆ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಈ ಸಾಲಿನ ಫೋಟೋಗಳು ಮನೆಮನೆಯಲ್ಲೂ ಇವೆ. ಅದೂ ಅಲ್ಲದೆ ಈಗ ಸ್ವಲ್ಪ ಅವಸರವೂ ಇದೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. ಹಳೇ ರಸ್ತೆಯ ವ್ಯಾಪಾರ ಬಿದ್ದಿದೆ. ಗಲ್ಲಾಪೆಟ್ಟಿಗೆ ಮೇಲೆ ನೇತುಹಾಕಿದ್ದ ಫೋಟೋ, ಅದರ ಕಥೆ ಗೊತ್ತಿದ್ದ ಯಜಮಾನರು, ಎರಡೂ ಒಟ್ಟಿಗೆ ಮರೆಯಾಗುತ್ತಿವೆ. ನಿಮ್ಮದು ತುಮಕೂರು ರಸ್ತೆಯೋ, ಹುಬ್ಬಳ್ಳಿ–ಧಾರವಾಡದ್ದೋ, ಶಿರಾಡಿ ಕಡೆಯದೋ ಆದರೂ ಇದೇ ದಾರಿ ನಡೆಯುತ್ತದೆ.

ಮೊದಲನೆಯದು: ಫೋಟೋಗೆ ಕೈ ಹಚ್ಚಬೇಡಿ

ಕಟ್ಟು ಹಾಕಿದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಚಿತ್ರದ ಪದರವೇ ಎದ್ದು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಇಲ್ಲವೇ ಕಿಟಕಿಯ ಪಕ್ಕದ ಬೆಳಕಲ್ಲಿ ಓರೆಯಾಗಿಟ್ಟು ಮೊಬೈಲಿನಲ್ಲಿ ತೆಗೆಯಿರಿ. ಬಿಡಿ ಫೋಟೋ ಆದರೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೋ ಸ್ಕ್ಯಾನರ್ ಲೆಕ್ಕ) ಸಾಕು. ಬೆಂಕಿಪೊಟ್ಟಣದಷ್ಟು ಚಿಕ್ಕದಾದರೆ 1200, ನೆಗೆಟಿವ್ ಆದರೆ 2400ಕ್ಕೆ ಕಡಿಮೆ ಬೇಡ. ಕಪ್ಪು–ಬಿಳುಪು ಫೋಟೋವನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ, ಯಾಕೆಂದರೆ ಇಂಕಿನ ಕಲೆ, ಕಾಗದದ ಹಳದಿ ಬಣ್ಣ ಇವೆಲ್ಲ ಮುಂದೆ ಕೆಲಸಕ್ಕೆ ಬರುತ್ತವೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡೋದು ಮರೆಯಬೇಡಿ. ಹರಿದಿದ್ದರೆ ಸೆಲ್ಲೋ ಟೇಪ್ ಹಚ್ಚಲೇಬೇಡಿ.

ಇನ್ನೊಂದು ಮಾತು. ಈಗ ಫೋಟೋಗೆ ಬಣ್ಣ ತುಂಬುವ, ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳು ಬೇಕಾದಷ್ಟಿವೆ. ಮನೆಯವರಿಗೆ ತೋರಿಸಿ ಖುಷಿಪಡಲು ಅಡ್ಡಿಯಿಲ್ಲ. ಹುಡುಕಾಟಕ್ಕೆ ಮಾತ್ರ ಅವನ್ನು ಹತ್ತಿರ ಸೇರಿಸಬೇಡಿ. ಅವು ಇಲ್ಲದ ಅಕ್ಷರವನ್ನು ಬೋರ್ಡಿನ ಮೇಲೆ ಬರೆಯುತ್ತವೆ, ಇಲ್ಲದ ಮೀಸೆಯನ್ನು ಮುಖಕ್ಕೆ ಅಂಟಿಸುತ್ತವೆ.

ಎರಡನೆಯದು: ಹಿಂಬದಿ ಮತ್ತು ಅಂಚು ಓದಿ

ಹಿಂದೆ ಸ್ಟುಡಿಯೋ ಮುದ್ರೆ ಇದ್ದರೆ ಅರ್ಧ ಕೆಲಸ ಆಯಿತು. ಸ್ಟುಡಿಯೋ ಊರು, ಫೋನ್ ನಂಬರಿನ ಅಂಕಿ ಎಷ್ಟು, ಪಿನ್ ಕೋಡ್ ಇದೆಯಾ, ಮೂರೂ ನೋಡಿ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ವಿಳಾಸದ ಕೊನೆಗೆ 571ರಿಂದ ಶುರುವಾಗುವ ಆರಂಕಿ ಇದ್ದರೆ ಆ ಮುದ್ರೆ ಅದಕ್ಕಿಂತ ಹಿಂದಿನದಲ್ಲ. ‘ಮೈಸೂರು ರಾಜ್ಯ’ ಅಂತಿದ್ದರೆ ಮುದ್ರೆ ಮಾಡಿಸಿದ್ದು 1973ರ ನವೆಂಬರ್ 1ಕ್ಕಿಂತ ಮುಂಚೆ. ಮಾಡಿಸಿದ್ದು ಅಂದೆ, ಒತ್ತಿದ್ದು ಅನ್ನಲಿಲ್ಲ. ಹಳೇ ರಬ್ಬರ್ ಸ್ಟ್ಯಾಂಪು ಸವೆಯುವವರೆಗೂ ಬಿಸಾಕುವವರು ನಮ್ಮಲ್ಲಿ ಯಾರಿದ್ದಾರೆ?

ಅಲೆಅಲೆಯಾಗಿ ಕತ್ತರಿಸಿದ ಬಿಳಿ ಅಂಚು ಇದ್ದರೆ ಸಾಮಾನ್ಯವಾಗಿ 1940ರಿಂದ 60ರ ದಶಕದ ಪ್ರಿಂಟು. ಚೌಕಾಕಾರದ ಚಿಕ್ಕ ಫೋಟೋ ಆದರೆ ‘120’ ಅನ್ನೋ ಅಳತೆಯ ಫಿಲಂ ರೋಲ್ ಹಾಕಿ ತೆಗೆದದ್ದಿರಬಹುದು, ಆಗ್ಫಾ ಕ್ಲಿಕ್ ಥರದ ಡಬ್ಬಿ ಕ್ಯಾಮೆರಾದಲ್ಲಿ. ಒಂದು ರೋಲಿಗೆ ಹನ್ನೆರಡೇ ಫೋಟೋ ಬರುತ್ತಿತ್ತು. ಹಾಗಾಗಿ ಅದೇ ದಿನ ತೆಗೆದ ಉಳಿದವು ಅದೇ ಆಲ್ಬಂನಲ್ಲೋ, ನೆಂಟರ ಮನೆಯಲ್ಲೋ ಇರುವ ಸಾಧ್ಯತೆ ಜಾಸ್ತಿ. ಕೇಳಿ ನೋಡಿ.

ಹಿಂದೆ ಪೆನ್ಸಿಲಿನಲ್ಲಿ ಸಂವತ್ಸರದ ಹೆಸರು ಬರೆದಿರುವುದೂ ಉಂಟು. ‘ವಿಕಾರಿ ಸಂ|’ ಅಂತಿದ್ದರೆ 1959–60. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ, ಮುಂದಿನ ವಿಕಾರಿ 2019–20. ಫೋಟೋ ಯಾವ ಸುತ್ತಿನದು ಅನ್ನೋದು ಕಾಗದ ನೋಡಿದರೇ ತಿಳಿಯುತ್ತದೆ.

ಮೂರನೆಯದು: ಕ್ಯಾಮೆರಾ ನಿಂತಿದ್ದ ಜಾಗ

ಇದೇ ನಿಜವಾದ ಕೆಲಸ. ಸಮಯ ಹೋದರೂ ಇಲ್ಲೇ ಹೋಗಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಪ್ಪು–ಬಿಳುಪು ಫೋಟೋ. ಮಣ್ಣು ರಸ್ತೆಯ ಎರಡೂ ಕಡೆ ದೊಡ್ಡ ಸಾಲುಮರ. ಎಡಕ್ಕೆ ಹೆಂಚಿನ ಮನೆ, ಜಗುಲಿಯ ಮೇಲೆ ನಾಲ್ಕು ಜನ. ಮುಂದೆ ಒಂದು ಬಸ್ಸಿನ ಹಿಂಭಾಗ. ಬಲಕ್ಕೆ ರಸ್ತೆಯಂಚಿನಲ್ಲಿ ಒಂದು ಕಲ್ಲು, ಅದರ ಮೇಲೆ ‘ಬೆಂಗಳೂರು 50’.

ಯಾವ ಊರು? ಇಲ್ಲೇ ಸ್ವಾರಸ್ಯ ಇರೋದು. ಬೆಂಗಳೂರಿನಿಂದ 50 ಕಿಲೋಮೀಟರ್ ಅಂದರೆ ರಾಮನಗರ. 50 ಮೈಲಿ ಅಂದರೆ ಸುಮಾರು 80 ಕಿಲೋಮೀಟರ್, ಅಂದರೆ ಮದ್ದೂರು. ಒಂದೇ ಅಂಕಿ, ಮೂವತ್ತು ಕಿಲೋಮೀಟರ್ ವ್ಯತ್ಯಾಸ. ನಮ್ಮಲ್ಲಿ ಮೆಟ್ರಿಕ್ ಅಳತೆ ಕಾನೂನು ಬಂದಿದ್ದು 1956ರಲ್ಲಿ, ರಸ್ತೆ ಕಲ್ಲುಗಳು ಮೈಲಿಯಿಂದ ಕಿಲೋಮೀಟರಿಗೆ ಬದಲಾಗಿದ್ದು ಅದರ ನಂತರ ನಿಧಾನಕ್ಕೆ. ಹಾಗಾಗಿ ಕಲ್ಲಿನ ಅಂಕಿ ನೋಡಿ ಊರು ಹೇಳುವ ಮೊದಲು ಅದು ಯಾವ ಅಳತೆ ಅಂತ ತಿಳಿಯಬೇಕು. ಅದು ತಿಳಿಯಲು ವರ್ಷ ಗೊತ್ತಿರಬೇಕು. ವರ್ಷ ಗೊತ್ತಿಲ್ಲ. ಈಗೇನು ಮಾಡೋದು?

ಹಿಂದೆ ನೋಡಿ. ಮನೆ, ಮರ, ಬಸ್ಸು ಎಲ್ಲ ಬಿಟ್ಟು ಆಕಾಶ ನೆಲಕ್ಕೆ ತಾಗುವ ಗೆರೆ ನೋಡಿ. ರಾಮನಗರದಲ್ಲಿ ನೀವು ಎತ್ತ ತಿರುಗಿದರೂ ಬಂಡೆ ಗುಡ್ಡ ಕಣ್ಣಿಗೆ ಬೀಳುತ್ತದೆ. ಆ ಬಂಡೆ ಎಷ್ಟು ಹೆಸರುವಾಸಿ ಅಂದರೆ ಭೂವಿಜ್ಞಾನಿಗಳು ಊರಿನ ಹಳೇ ಹೆಸರಿನಿಂದಲೇ ಅದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತ ಕರೆಯುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಮದ್ದೂರಿನ ಪೇಟೆಯಲ್ಲಿ ನಿಂತರೆ ಅಂಥ ಗೆರೆ ಸಿಗಲ್ಲ. ಅಲ್ಲಿ ಬಯಲು, ತೆಂಗು, ಶಿಂಷಾ ನದಿಯ ಕಡೆಗಿನ ಇಳಿಜಾರು. ನಮ್ಮ ಫೋಟೋದಲ್ಲಿ ಮರಗಳ ಸಂದಿಯಲ್ಲಿ ಬರೀ ಬಿಳಿ ಆಕಾಶ ಕಂಡರೆ ಮದ್ದೂರಿನ ಕಡೆ ತೂಕ ಜಾಸ್ತಿ. ಅಂದರೆ ಕಲ್ಲು ಮೈಲಿಯದು, ಅಂದರೆ ಫೋಟೋ ಹಳೆಯದು. ಗುಡ್ಡ ಇಲ್ಲದಿರುವುದೇ ನಮಗೆ ಊರನ್ನೂ ಹೇಳಿತು, ಕಾಲವನ್ನೂ ಹೇಳಿತು. ಆದರೆ ಒಂದೇ ಸಾಕ್ಷಿ ನಂಬಿ ಕೂರಬೇಡಿ, ಕ್ಯಾಮೆರಾ ತಿರುಗಿದ ಕಡೆ ಸಾಲುಮರ ದಟ್ಟವಾಗಿದ್ದರೆ ರಾಮನಗರದಲ್ಲೂ ಗುಡ್ಡ ಮರೆಯಾಗಬಹುದು.

ಬಣ್ಣದ ಫೋಟೋ ಆದರೆ ಕಲ್ಲು ಇನ್ನೂ ಒಂದು ಮಾತು ಹೇಳುತ್ತದೆ. ರಾಜ್ಯ ಹೆದ್ದಾರಿಯ ಕಲ್ಲಿಗೆ ತಲೆ ಹಸಿರು, ರಾಷ್ಟ್ರೀಯ ಹೆದ್ದಾರಿಗೆ ಹಳದಿ. ಮೈಸೂರು ರಸ್ತೆ ಬಹಳ ಕಾಲ ರಾಜ್ಯ ಹೆದ್ದಾರಿ 17 ಆಗಿತ್ತು, ರಾಷ್ಟ್ರೀಯ ಹೆದ್ದಾರಿ 275 ಆಗಿದ್ದು ಈಚೆಗೆ. ಹಾಗಾಗಿ ಹಸಿರು ತಲೆಯ ಕಲ್ಲು ಕಂಡರೆ ಹಳೇ ಕಾಲದ್ದು.

ನೆರಳು ನೋಡಿ ದಿಕ್ಕು ಕಂಡುಹಿಡಿಯಿರಿ ಅಂತ ಪರದೇಶದ ಪುಸ್ತಕಗಳು ಹೇಳುತ್ತವೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ಅವರ ಲೆಕ್ಕ. ನಮ್ಮಲ್ಲಿ ಅದು ವರ್ಷಪೂರ್ತಿ ನಡೆಯಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಂಡ್ಯದ ಕಡೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬೆಳಗ್ಗೆ, ಸಂಜೆಯ ಉದ್ದ ನೆರಳಾದರೆ ಮಾತ್ರ ಪೂರ್ವ–ಪಶ್ಚಿಮ ಧೈರ್ಯವಾಗಿ ಹೇಳಬಹುದು.

ಊರು ಗೊತ್ತಾದ ಮೇಲೆ ಊರೊಳಗಿನ ಜಾಗ. ಇದಕ್ಕೆ ಅಲುಗದ ವಸ್ತು ಹುಡುಕಿ. ಗುಡಿಯ ಗೋಪುರ, ಮಸೀದಿಯ ಮಿನಾರು, ರೈಲ್ವೆ ಗೇಟು, ಸೇತುವೆ, ಪ್ರವಾಸಿ ಮಂದಿರ, ಅಶ್ವತ್ಥಕಟ್ಟೆ, ಹೊರೆ ಇಳಿಸುವ ಕಲ್ಲು. ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಫೋಟೋದ ಮೂಲೆಯಲ್ಲಿ ಕಂಡರೂ ಸಾಕು, ಜಾಗ ಸಿಕ್ಕಂತೆ. ಮರವನ್ನು ನಂಬಬೇಡಿ, ನಾಲ್ಕು ಪಥ ಮಾಡುವಾಗ ಈ ರಸ್ತೆಯ ಸಾಲುಮರಗಳು ಹೋದವು. ಮನೆಯ ಮುಂಭಾಗವನ್ನೂ ಪೂರ್ತಿ ನಂಬಬೇಡಿ, ರಸ್ತೆ ಅಗಲ ಮಾಡಿದಾಗ ಜಗುಲಿ ಕಳೆದುಕೊಂಡು ಹೊಸ ಗೋಡೆ ಕಟ್ಟಿಕೊಂಡ ಮನೆಗಳೇ ಜಾಸ್ತಿ. ಛಾವಣಿಯ ಇಳಿಜಾರು, ಪಕ್ಕದ ಗೋಡೆ, ಹಿಂದಿನ ಅಟ್ಟ ಇವು ಹಾಗೇ ಉಳಿದಿರುತ್ತವೆ. ಪಕ್ಕದ ಸಂದಿಯಲ್ಲಿ ಹೋಗಿ ನೋಡಿ.

ಹೋಗುವ ಮೊದಲು ನಕ್ಷೆ ನೋಡಿಕೊಂಡು ಹೋದರೆ ಬಿಸಿಲು ಉಳಿಯುತ್ತದೆ. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್ (ಗುಡ್ಡ, ರಸ್ತೆ, ಊರು ಎಲ್ಲ ತೋರಿಸುವ ವಿವರವಾದ ನಕ್ಷೆ) ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ 1950ರ ದಶಕದಲ್ಲಿ ಅಮೆರಿಕದ ಸೇನೆ ಅಚ್ಚು ಹಾಕಿಸಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಳತೆ ಚಿಕ್ಕದು, ಆದರೆ ರಸ್ತೆ ಊರೊಳಗೆ ಹೋಗುತ್ತಿತ್ತಾ, ಪಕ್ಕಕ್ಕೆ ಹೋಗುತ್ತಿತ್ತಾ ಅನ್ನೋದು ಗೊತ್ತಾಗುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಆನ್‌ಲೈನ್‌ನಲ್ಲಿವೆ, ಅವುಗಳಲ್ಲಿ ಹಳೇ ಬಂಡಿದಾರಿ, ಕೆರೆ, ಗ್ರಾಮಠಾಣದ ಗಡಿ ಎಲ್ಲ ಕಾಣುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯವಿದೆ, ರಸ್ತೆ ಅಗಲವಾಗುವ ಮೊದಲಿನದು ಎಷ್ಟು ಸಿಗುತ್ತದೋ ಅಷ್ಟನ್ನೂ ಉಳಿಸಿಕೊಳ್ಳಿ.

ನಾಲ್ಕನೆಯದು: ವರ್ಷ ಹಿಡಿಯೋದು

ಒಂದೇ ವರ್ಷ ಹೇಳಲೇಬೇಕು ಅನ್ನೋ ಹಟ ಬೇಡ. ಎರಡು ಗೆರೆ ಎಳೆಯಿರಿ. ‘ಇದಕ್ಕಿಂತ ಮೊದಲಿನದಲ್ಲ’, ‘ಇದಕ್ಕಿಂತ ಆಮೇಲಿನದಲ್ಲ’. ಮೊದಲ ಗೆರೆ ಸುಲಭ, ಫೋಟೋದಲ್ಲಿ ಕಾಣುವ ಎಲ್ಲಕ್ಕಿಂತ ಹೊಸ ವಸ್ತು ಯಾವುದೋ ಅದು ಹೇಳುತ್ತದೆ. ಎರಡನೆಯದು ಕಷ್ಟ. ಹಳೇ ವಸ್ತುಗಳು ಅಷ್ಟು ಸುಲಭಕ್ಕೆ ಹೋಗಲ್ಲ, ಬ್ರೂಕ್ ಬಾಂಡ್ ತಗಡಿನ ಬೋರ್ಡು ಅಂಗಡಿ ಮುಚ್ಚಿದ ಮೇಲೂ ಗೋಡೆಯಲ್ಲಿರುತ್ತದೆ. ಎರಡನೇ ಗೆರೆಗೆ ಬೇಕಾಗಿರೋದು ‘ಯಾವಾಗ ಕೆಡವಿದರು, ಯಾವಾಗ ಕಡಿದರು’ ಅನ್ನೋ ಸಾಕ್ಷಿ.

ಈ ರಸ್ತೆಯ ಫೋಟೋಗಳಲ್ಲಿ ನಾನು ಮೊದಲು ನೋಡೋದು ಬಸ್ಸು. ಸರ್ಕಾರಿ ಬಸ್ಸು ಶುರುವಾಗಿದ್ದು 1948ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ. 1961ರ ಆಗಸ್ಟ್‌ನಲ್ಲಿ ಅದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಆಯಿತು, 1973ರ ನವೆಂಬರ್‌ನಲ್ಲಿ ಕರ್ನಾಟಕದ ಹೆಸರು ಬಂತು. ಬಸ್ಸಿನ ಮೈಮೇಲೆ ಈ ಮೂರು ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳಲ್ಲಿ ಯಾವುದಿದೆ, ಎಂಜಿಆರ್‌ಟಿಡಿ ಇದೆಯಾ, ಎಂಎಸ್ಆರ್‌ಟಿಸಿ ಇದೆಯಾ, ಕೆಎಸ್ಆರ್‌ಟಿಸಿ ಇದೆಯಾ ಅಂತ ದೊಡ್ಡದು ಮಾಡಿ ನೋಡಿ. ಮೊದಲೆರಡರಲ್ಲಿ ಯಾವುದು ಅಂತ ಗೊತ್ತಾದರೂ ಹನ್ನೆರಡು–ಹದಿಮೂರು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತೀರಿ.

ನಂಬರ್ ಪ್ಲೇಟು ಇನ್ನೊಂದು. ಕೆಎ ಬಂದಿದ್ದು 1989ರಲ್ಲಿ. ಅದಕ್ಕಿಂತ ಹಿಂದೆ ಎಂವೈ ಮುಂತಾಗಿ ಶುರುವಾಗುವ ಮೂರಕ್ಷರ, ಆಮೇಲೆ ಸಿಎ ಸರಣಿಯವು. ಇಲ್ಲೂ ಎಚ್ಚರ: ಪ್ಲೇಟು ಗಾಡಿ ನೋಂದಣಿಯಾದ ಕಾಲ ಹೇಳುತ್ತದೆ, ಗಾಡಿ ಇಪ್ಪತ್ತು ವರ್ಷ ಓಡಿರಬಹುದು.

ಲಾರಿ ಇದ್ದರೆ ಮುಖ ನೋಡಿ. ಟಾಟಾ ಲಾರಿಯ ಮೂತಿಯಲ್ಲಿ ಬೆಂಜ್ ನಕ್ಷತ್ರ ಇದ್ದರೆ ಅದು 1954ರಿಂದ 1969ರ ಒಪ್ಪಂದದ ಕಾಲದ ಗಾಡಿ, ಆಮೇಲಿನವಕ್ಕೆ ಟಾಟಾದ್ದೇ ಗುರುತು ಬಂತು. ಮೈಸೂರಿನಲ್ಲೇ ತಯಾರಾದ ಜಾವಾ ಬೈಕು ಕಂಡರೆ 1961ರ ಆಚೆ ಬನ್ನಿ. ಮಾರುತಿ 800 ಕಂಡರೆ 1983ರ ಡಿಸೆಂಬರ್ ದಾಟಿದೆ. ಅಂಬಾಸಿಡರ್ ಮಾತ್ರ ಏನೂ ಹೇಳಲ್ಲ, 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚುಕಮ್ಮಿ ಅದೇ ಮುಖ ಇಟ್ಟುಕೊಂಡು ಬಂತು.

ಪೆಟ್ರೋಲ್ ಬಂಕು ಕಂಡರೆ ಹಬ್ಬ. ಎಸ್ಸೋ ಬೋರ್ಡು 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದು 1977ರಲ್ಲಿ ಭಾರತ್ ಪೆಟ್ರೋಲಿಯಂ ಆಯಿತು. ಕಾಲ್ಟೆಕ್ಸ್ 1978ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂಗೆ ಸೇರಿತು. ಕಂಪನಿ ಬೋರ್ಡನ್ನು ತಗಡಿನ ಬೋರ್ಡಿನ ಹಾಗೆ ಬಿಟ್ಟಿರಲ್ಲ, ಬೇಗ ಬದಲಿಸುತ್ತಾರೆ. ಹಾಗಾಗಿ ಎರಡನೇ ಗೆರೆಗೂ ಇದು ಒಳ್ಳೇ ಸಾಕ್ಷಿ.

ಆಮೇಲೆ ಗೋಡೆ ಬರಹ. ಜೋಡೆತ್ತು ಕಂಡರೆ 1969ಕ್ಕಿಂತ ಹಿಂದಿನ ಕಾಂಗ್ರೆಸ್ಸು, ಹಸು–ಕರು ಆದರೆ 1971ರಿಂದ 77ರ ಚುನಾವಣೆಗಳ ಕಾಲ, ಕೈ ಆದರೆ 1978ರ ನಂತರ. ನೇಗಿಲು ಹೊತ್ತ ರೈತ ಆದರೆ 1977ರಿಂದಾಚೆಯ ಜನತಾ ಪಕ್ಷ. ಕುಟುಂಬ ಯೋಜನೆಯ ಕೆಂಪು ತ್ರಿಕೋನ 1960ರ ದಶಕದ ಕೊನೆಯಿಂದ ಹಳ್ಳಿಹಳ್ಳಿ ಗೋಡೆಗೂ ಬಂತು. ಸಿನಿಮಾ ಪೋಸ್ಟರ್ ಇದ್ದರೆ ಇನ್ನೂ ಸಲೀಸು ಅನ್ನಿಸುತ್ತದೆ, ಆದರೆ ಚಿಕ್ಕ ಊರಿನ ಟೆಂಟಿಗೆ ಚಿತ್ರ ಬರುತ್ತಿದ್ದದ್ದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಆದ ಮೇಲೆ. ಮರುಬಿಡುಗಡೆಯೂ ಇರುತ್ತಿತ್ತು.

ಹೊಲವನ್ನೂ ಓದಿ. ಮಂಡ್ಯ–ಮದ್ದೂರಿನ ಮಧ್ಯೆ ರಸ್ತೆ ಪಕ್ಕ ಕಬ್ಬು, ಭತ್ತದ ಗದ್ದೆ ಕಾಣುತ್ತಿದ್ದರೆ ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದ ಮೇಲಿನದು ಅನ್ನೋದಕ್ಕೆ ಹೆಚ್ಚು ಆಸ್ಪದ, ಅಂದರೆ 1930ರ ದಶಕ ಮತ್ತು ಆಚೆ. ಕೆರೆ ಕೆಳಗಿನ ಗದ್ದೆ ಮೊದಲೂ ಇತ್ತು, ಅದನ್ನು ನೆನಪಿಡಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು. ಅದರ ಚಿಮಣಿಯೋ, ಕಬ್ಬಿನ ಗಾಡಿಗಳ ಸಾಲೋ ಕಂಡರೆ ಗೆರೆ ಎಳೆಯಲು ಇನ್ನೂ ಧೈರ್ಯ ಬರುತ್ತದೆ.

ಐದನೆಯದು: ಕಾಗದ ಪತ್ರ

ಕಾಗದ ಹುಡುಕುವ ಮೊದಲು ಆ ಊರು ಆ ಕಾಲದಲ್ಲಿ ಯಾವ ಜಿಲ್ಲೆಯಲ್ಲಿತ್ತು ಅಂತ ತಿಳಿದುಕೊಳ್ಳಿ, ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ, ಅದಕ್ಕಿಂತ ಹಿಂದಿನದನ್ನು ಮೈಸೂರು ಜಿಲ್ಲೆಯ ಕಡತದಲ್ಲಿ ಹುಡುಕಬೇಕು. ರಾಮನಗರ ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ತಾನೇ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಸೂಚಿಯಲ್ಲಿ ‘ಕ್ಲೋಸ್‌ಪೇಟೆ’ ಅಂತಲೂ ಹುಡುಕಿ.

ಆ ಕ್ಲೋಸ್‌ಪೇಟೆಯ ಕಥೆ ನಮ್ಮ ವಿಷಯಕ್ಕೆ ತುಂಬ ಹತ್ತಿರದ್ದು. ಹಳೇ ಗೆಜೆಟಿಯರ್ (ಊರು, ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಪುಸ್ತಕ) ಪ್ರಕಾರ 1800ರಲ್ಲಿ ದಿವಾನ್ ಪೂರ್ಣಯ್ಯ ಆ ಪೇಟೆ ಕಟ್ಟಿಸಿದರು, ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಉದ್ದೇಶ ಏನು ಅಂದರೆ ಕಾಡಿನ ನಡುವೆ ಹೋಗುವ ಹೆದ್ದಾರಿಗೆ ಕಾವಲು. ಅಂದರೆ ಊರಿಗೆ ರಸ್ತೆ ಬಂದಿದ್ದಲ್ಲ, ರಸ್ತೆಗೋಸ್ಕರ ಊರು ಬಂತು. ನಿಮ್ಮ ಫೋಟೋದ ಊರೂ ಹೀಗೇನಾ ಅಂತ ನೋಡಿ. ಊರಿನ ಹಳೇ ಗುಡಿ, ಕೆರೆ, ಚಾವಡಿ ಎಲ್ಲ ರಸ್ತೆಯಿಂದ ಒಳಗಿದ್ದು ಅಂಗಡಿ ಸಾಲು ಮಾತ್ರ ರಸ್ತೆಗಿದ್ದರೆ ಅಲ್ಲಿ ಎರಡು ಊರಿವೆ ಅಂತಲೇ ಲೆಕ್ಕ. ಎರಡರ ಚರಿತ್ರೆಯೂ ಬೇರೆ, ಜನವೂ ಬೇರೆ.

ಮೊದಲ ಓದಿಗೆ ರೈಸ್ ಅವರ ಹತ್ತೊಂಬತ್ತನೇ ಶತಮಾನದ ಗೆಜೆಟಿಯರ್, 1927–30ರ ಹಯವದನರಾಯರ ಗೆಜೆಟಿಯರ್, ಆಮೇಲಿನ ಜಿಲ್ಲಾ ಗೆಜೆಟಿಯರ್, ಜನಗಣತಿಯ ಜಿಲ್ಲಾ ಕೈಪಿಡಿ ಇಷ್ಟು ಸಾಕು. ಹಳೆಯವು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಮೈಸೂರಿನಲ್ಲಿರುವ ಅದರ ವಿಭಾಗೀಯ ಕಚೇರಿ ಎರಡನೇ ಸುತ್ತಿಗೆ ಇರಲಿ.

ಆದರೆ ರಸ್ತೆ ಬದಿಯ ಊರಿಗೆ ಇವೆಲ್ಲಕ್ಕಿಂತ ದೊಡ್ಡ ನಿಧಿ ಒಂದಿದೆ, ಅದನ್ನು ಯಾರೂ ನೋಡಲ್ಲ. ಭೂಸ್ವಾಧೀನದ ಕಡತ. ರಸ್ತೆ ಅಗಲ ಮಾಡುವಾಗೆಲ್ಲ ಸರ್ಕಾರ ಯಾರ ಜಾಗ, ಎಷ್ಟು, ಅದರಲ್ಲಿ ಏನು ಕಟ್ಟಡ ಅಂತ ಪಟ್ಟಿ ಮಾಡಲೇಬೇಕು. ರಾಷ್ಟ್ರೀಯ ಹೆದ್ದಾರಿ ಆದರೆ 1956ರ ಕಾಯ್ದೆಯ 3ಎ, 3ಡಿ ಕಲಂಗಳ ಅಧಿಸೂಚನೆಗಳು (ಜಾಗ ತೆಗೆದುಕೊಳ್ಳುವ ಮೊದಲ ಸೂಚನೆ, ಆಮೇಲಿನ ಘೋಷಣೆ) ರಾಜಪತ್ರದಲ್ಲಿ ಅಚ್ಚಾಗುತ್ತವೆ, ಸರ್ವೆ ನಂಬರಿನ ಸಮೇತ. ಫೋಟೋದಲ್ಲಿರುವ ಜಗುಲಿಯ ಮನೆ ಯಾರದ್ದು ಅಂತ ಊರಲ್ಲಿ ಮೂರು ಥರ ಹೇಳಿದರೆ ಈ ಪಟ್ಟಿ ತೀರ್ಪು ಕೊಡುತ್ತದೆ. ಸ್ಥಳೀಯ ಪುರಸಭೆಯಲ್ಲಿ ಮನೆ ಕಂದಾಯದ ಡಿಮ್ಯಾಂಡ್ ರಿಜಿಸ್ಟರ್, ವ್ಯಾಪಾರ ಪರವಾನಗಿ ರಿಜಿಸ್ಟರ್ ಇರುತ್ತವೆ. ಸುಮ್ನೆ ಹೋಗಿ ಕೇಳಿದರೆ ‘ಅದೆಲ್ಲ ಗೆದ್ದಲು ಹಿಡಿದು ಹೋಯ್ತು ಸಾರ್’ ಅಂತಾರೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಗೆದ್ದಲು ಎಷ್ಟು ತಿಂದಿದೆ ಅಂತ ಆಗ ಗೊತ್ತಾಗುತ್ತದೆ.

ಹಳೇ ಶ್ಯಾನುಭೋಗರ ಮನೆಗಳನ್ನೂ ವಿಚಾರಿಸಿ. ವಂಶಪಾರಂಪರ್ಯದ ಶ್ಯಾನುಭೋಗಿಕೆ, ಪಟೇಲಿಕೆ 1963ರಲ್ಲಿ ರದ್ದಾದರೂ ಲೆಕ್ಕದ ಪುಸ್ತಕ, ಕೈನಕ್ಷೆಗಳು ಅಟ್ಟದ ಮೇಲೆ ಉಳಿದಿರುವುದುಂಟು. ನಯವಾಗಿ ಕೇಳಿ. ಜಮೀನಿನ ತಕರಾರಿಗೆ ಬಂದವರಲ್ಲ ಅಂತ ಮೊದಲೇ ಹೇಳಿಬಿಡಿ, ಅವರಿಗೆ ಇರೋ ಭಯ ಅದೇ.

ಆರನೆಯದು: ಈಗ ಜನರ ಹತ್ತಿರ ಹೋಗಿ

ಜಾಗ, ಸುಮಾರು ವರ್ಷ ಕೈಯಲ್ಲಿದೆ. ಇನ್ನು ‘ಯಾರು’ ಅಂತ ಕೇಳಬಹುದು. ಫೋಟೋದ ದೊಡ್ಡ ಪ್ರಿಂಟು ತೆಗೆದುಕೊಂಡು ಹೋಗಿ, ಎ4 ಆದರೂ ಇರಲಿ. ಮೊಬೈಲಿನಲ್ಲಿ ತೋರಿಸಿದರೆ ಎಂಬತ್ತು ದಾಟಿದ ಅಜ್ಜಿಗೆ ಕಾಣಲ್ಲ, ಪಕ್ಕದಲ್ಲಿ ಕೂತ ಮೊಮ್ಮಗ ಉತ್ತರ ಹೇಳುತ್ತಾನೆ.

‘ಇದು ಯಾವ ವರ್ಷ ಅಜ್ಜಿ?’ ಅಂತ ಕೇಳಬೇಡಿ. ‘ನಿಮ್ಮ ಮದುವೆಗೆ ಮುಂಚೆಯಾ, ಆಮೇಲಾ?’, ‘ಆಗ ಊರಿಗೆ ಕರೆಂಟು ಬಂದಿತ್ತಾ?’, ‘ರೈಲು ಚಿಕ್ಕದಿತ್ತಲ್ಲ ಆಗಲಾ?’ ಅಂತ ಕೇಳಿ. ಬೆಂಗಳೂರು–ಮೈಸೂರು ಮೀಟರ್‌ಗೇಜ್ ರೈಲು 1882ರಿಂದ ಓಡಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು, ಅದು ಎಲ್ಲರಿಗೂ ನೆನಪಿರೋ ಗಡಿ. ಇಂದಿರಾ ಗಾಂಧಿ ತೀರಿಕೊಂಡಿದ್ದು, ಬಾಂಗ್ಲಾ ಯುದ್ಧ, ಕಾವೇರಿ ಗಲಾಟೆ ಇವೂ ಕೆಲಸಕ್ಕೆ ಬರುತ್ತವೆ.

ನೀವು ಊಹಿಸಿದ ಹೆಸರನ್ನು ಬಾಯಿಬಿಡಬೇಡಿ. ‘ಇದು ಭಟ್ಟರ ಹೋಟೆಲ್ ಅಲ್ವಾ?’ ಅಂದರೆ ಮರ್ಯಾದೆಗಾದರೂ ‘ಹೌದಪ್ಪ’ ಅಂತಾರೆ. ಫೋಟೋ ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ಅವರ ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ. ನೀವು ಬಸ್ಸಿನ ಬಗ್ಗೆ ಕೇಳೋಕೆ ಬಂದಿರುತ್ತೀರಿ, ಅವರು ಮೂಲೆಯಲ್ಲಿ ಅರ್ಧ ಕಾಣುವ ಕೊಟ್ಟಿಗೆ ತೋರಿಸಿ ‘ಇಲ್ಲೇ ಎತ್ತಿಗೆ ಲಾಳ ಕಟ್ಟೋರು’ ಅನ್ನುತ್ತಾರೆ. ಅಲ್ಲಿಂದ ಗಾಡಿ ಅಡ್ಡೆ, ಅಲ್ಲಿಂದ ಬೆಲ್ಲದ ಮಂಡಿ, ಅಲ್ಲಿಂದ ಒಂದು ಇಡೀ ಬೀದಿ ಎದ್ದು ನಿಲ್ಲುತ್ತದೆ. ಕೇಳಿ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿಕೊಳ್ಳಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಅಲ್ಲೇ ಪಂಚಾಯಿತಿ ಮಾಡಬೇಡಿ. ಮತ್ತೆ, ಬರೀ ಗಂಡಸರನ್ನೇ ಮಾತಾಡಿಸಿ ವಾಪಸ್ ಬರಬೇಡಿ. ಹೋಟೆಲಿನ ಒಳಗೆ ರುಬ್ಬುತ್ತಿದ್ದವರು, ರೈಲಿನ ಹೊತ್ತಿಗೆ ವಡೆ ತಟ್ಟಿಕೊಡುತ್ತಿದ್ದವರು ಯಾರು ಅಂತ ಹೆಂಗಸರಿಗೇ ಗೊತ್ತಿರೋದು.

ಏಳನೆಯದು: ಫೋಟೋದಲ್ಲಿ ಇಲ್ಲದವರು

ಇದನ್ನು ಬಿಟ್ಟರೆ ಕೆಲಸ ಅರ್ಧ. ರಸ್ತೆಗೆ ಮುಖ ಮಾಡಿದ ಮನೆ, ಅಂಗಡಿ ಯಾರ ಕೈಲಿತ್ತು, ರಸ್ತೆಗೆ ಕಲ್ಲು ಒಡೆದು ಹಾಕಿದವರು ಎಲ್ಲಿ ವಾಸ ಇದ್ದರು? ಹೋಟೆಲಿನ ಒಳಗೆ ಕೂತು ಕಾಫಿ ಕುಡಿಯೋಕೆ ಎಲ್ಲರಿಗೂ ಬಿಡುತ್ತಿದ್ದರಾ, ಕೆಲವರಿಗೆ ಹೊರಗೆ ಬೇರೆ ಲೋಟ ಇತ್ತಾ? ಊರಿನ ಎಲ್ಲ ಕೇರಿಗೂ ಇದೇ ಫೋಟೋ ತಗೊಂಡು ಹೋಗಿ. ಒಂದು ಕಡೆ ‘ಆ ಕಾಲ ಚೆನ್ನಾಗಿತ್ತು’ ಅಂತ ಕೇಳುತ್ತೀರಿ, ಇನ್ನೊಂದು ಕಡೆ ‘ಆ ಜಗುಲಿ ಹತ್ತಿರ ನಾವು ಹೋಗೋ ಹಾಗಿರಲಿಲ್ಲ’ ಅಂತ. ಎರಡೂ ಅದೇ ಫೋಟೋದ ಚರಿತ್ರೆ.

ಬ್ರಿಟಿಷರ ಕಾಲದ ಫೋಟೋ ಆದರೆ ಇನ್ನೂ ಹುಷಾರಾಗಿರಿ. ರಸ್ತೆ ಬದಿಯಲ್ಲಿ ಬಿಡಾರ ಹೂಡಿದ ಲಂಬಾಣಿ, ಕೊರಚ, ದೊಂಬರ ಫೋಟೋ ತೆಗೆದು ಕೆಳಗೆ ಜಾತಿಯ ಹೆಸರೊಂದನ್ನೇ ಬರೆಯುತ್ತಿದ್ದರು, ವ್ಯಕ್ತಿಯ ಹೆಸರು ಇರಲ್ಲ. 1871ರ ಕಾನೂನು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತ್ತು, ಅದು ರದ್ದಾಗಿದ್ದು 1952ರಲ್ಲಿ. ಆ ಹಣೆಪಟ್ಟಿಯನ್ನು ನಿಮ್ಮ ಬರಹದಲ್ಲಿ ಹಾಗೇ ನಕಲು ಮಾಡಬೇಡಿ. ಮೂಲದಲ್ಲಿ ಹೀಗಿತ್ತು ಅಂತ ಬೇರೆಯಾಗಿ ಹೇಳಿ, ಆ ಸಮುದಾಯದವರು ಈಗ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬಳಸಿ.

ಕೊನೆಗೆ: ಬರೆದಿಡೋದು

ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಮುಂದೆ ಉಬ್ಬಿ ಕಾಣುತ್ತದೆ. ಮೆತ್ತನೆ ಪೆನ್ಸಿಲ್ ಬಳಸಿ, ಇಲ್ಲವೇ ಬೇರೆ ಕಾಗದದಲ್ಲಿ ಬರೆದು ಜೊತೆಗಿಡಿ. ಫೈಲಿಗೆ ‘ಐಎಂಜಿ’ ಅನ್ನೋ ಹೆಸರು ತೆಗೆದು ಊರು, ಜಾಗ, ಸುಮಾರು ವರ್ಷ ಹಾಕಿ. ಪ್ರಕಟಿಸುವ ಮೊದಲು ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ 2012ರ ತಿದ್ದುಪಡಿಯ ತನಕ ಫೋಟೋದ ಹಕ್ಕು ಅದು ಮೊದಲು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇತ್ತು, ಈಗ ಫೋಟೋ ತೆಗೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಅವಧಿ ಮುಗಿದಿದ್ದರೂ ಯಾರ ಮನೆಯಿಂದ ತಂದಿರೋ ಅವರನ್ನು ಕೇಳೋದು, ಒಂದು ಒಳ್ಳೇ ಪ್ರಿಂಟು ಹಾಕಿಸಿ ಕೊಡೋದು ಮಾಡಿ.

ಅಡಿಬರಹದಲ್ಲಿ ಗೊತ್ತಿರೋದು, ಊಹೆ, ಕೇಳಿದ್ದು ಮೂರನ್ನೂ ಬೆರೆಸಬೇಡಿ. ನಮ್ಮ ಉದಾಹರಣೆಯ ಫೋಟೋದಲ್ಲಿ ಬಸ್ಸಿನ ಮೇಲೆ ಎಂಜಿಆರ್‌ಟಿಡಿ ಅಕ್ಷರ ಸಿಕ್ಕಿತು ಅಂದುಕೊಳ್ಳಿ. ಆಗ ಹೀಗೆ ಬರೆಯಬಹುದು:

‘ಮದ್ದೂರು ಪೇಟೆ ಬೀದಿ, ಮೈಸೂರು ರಸ್ತೆ. ಬಹುಶಃ 1948ರಿಂದ 1960ರ ದಶಕದ ಆರಂಭದ ನಡುವೆ. ಊರು: ಬೆಂಗಳೂರು 50 ಎಂಬ ಕಲ್ಲನ್ನು ಮೈಲಿ ಎಂದು ಓದಿ, ಹಿನ್ನೆಲೆಯಲ್ಲಿ ಗುಡ್ಡ ಇಲ್ಲದ್ದನ್ನು ನೋಡಿ ಹೇಳಿದ್ದು. ಕಾಲ: ಬಸ್ಸಿನ ಮೇಲಿನ ಅಕ್ಷರದಿಂದ. ಎಡಗಡೆಯ ಜಗುಲಿ ಮನೆ ಹೋಟೆಲ್ ಆಗಿತ್ತು ಎಂದು ಪೇಟೆಯ ಇಬ್ಬರು ಹಿರಿಯರು, ಬೆಲ್ಲದ ಮಂಡಿ ಎಂದು ಒಬ್ಬರು ಹೇಳಿದ್ದಾರೆ. ಜಗುಲಿಯ ಮೇಲಿನ ನಾಲ್ವರು: ಗುರುತು ಸಿಕ್ಕಿಲ್ಲ.’

ಕೆಳಗೆ ನೀವು ಬರೆದ ತಾರೀಖು ಹಾಕಿ. ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಒಂದು ಫೋಟೋ ಕೊಟ್ಟ ಮನೆಗೆ. ಆ ಜಗುಲಿಯ ನಾಲ್ವರಲ್ಲಿ ಒಬ್ಬರ ಮೊಮ್ಮಗಳು ಎಲ್ಲೋ ಇದ್ದೇ ಇರುತ್ತಾಳೆ, ಅವಳು ಬಂದು ತಿದ್ದಲು ಸ್ವಲ್ಪ ಜಾಗ ಖಾಲಿ ಬಿಡಿ.